ಜವ ಬದಲಾಗಲಿಲ್ಲ, ವೇಗೋತ್ಕರ್ಷ ಎಲ್ಲಿಂದ ಬಂತು? ವೃತ್ತೀಯ ಚಲನೆಯನ್ನು ಹಂತ ಹಂತವಾಗಿ ಅರ್ಥಮಾಡಿಕೊಳ್ಳುವ ಕ್ರಮ

ಭಾನುವಾರ ಬೆಳಿಗ್ಗೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಏಳೆಂಟು ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಾರೆ. ಹೆಚ್ಚಿನವರು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹನ್ನೊಂದನೆಯ ಸಾಯನ್ಸಿಗೆ ಇಂಗ್ಲಿಷ್ ಮಾಧ್ಯಮದ ಜೂನಿಯರ್ ಕಾಲೇಜು ಸೇರಿದವರು. ಪ್ರತಿ ವರ್ಷ ನಾನು ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಟ್ಯಾಕ್ಸಿಯೊಂದು 50 ಮೀಟರ್ ತ್ರಿಜ್ಯದ ಸರ್ಕಲ್ ಅನ್ನು ಗಂಟೆಗೆ 36 ಕಿ.ಮೀ. ಜವದಲ್ಲಿ, ಒಂಚೂರೂ ಹೆಚ್ಚುಕಡಿಮೆ ಮಾಡದೆ ಸುತ್ತುತ್ತಿದೆ. ವೇಗೋತ್ಕರ್ಷ ಎಷ್ಟು?

ಅರ್ಧ ಜನ "ಸೊನ್ನೆ ಸರ್" ಅನ್ನುತ್ತಾರೆ. ಸೂತ್ರ ಬಾಯಿಪಾಠ ಮಾಡಿದವರು 36ರ ವರ್ಗವನ್ನು 50ರಿಂದ ಭಾಗಿಸಿ 25.9 ಅನ್ನುತ್ತಾರೆ. ಸರಿಯಾದ 2 ತಂದವರಿಗೆ "ಯಾವ ದಿಕ್ಕಿಗೆ?" ಎಂದು ಕೇಳಿದರೆ ಹೊರಗೆ ಬೆರಳು ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ಈ ಮೂರೂ ಒಂದೇ ರೋಗ: ವೇಗದ ದಿಕ್ಕು ತೋರಿಸುವ ಬಾಣ ಬಿಡಿಸುವ ಮೊದಲೇ ಸೂತ್ರಕ್ಕೆ ಕೈ ಹಾಕಿದ್ದು. ಅದಕ್ಕೇ ಇಲ್ಲಿ ಸೂತ್ರ ಬರುವುದು ನಾಲ್ಕನೆಯ ಹಂತದಲ್ಲಿ. ಮೂರನೆಯದನ್ನು ಹಾರಿಸಿದರೆ ಮುಂದಿನದೆಲ್ಲ ಮತ್ತೆ ಬಾಯಿಪಾಠವೇ ಆಗುತ್ತದೆ.

ಬೇಕಾಗುವ ಸಾಮಾನು

ಗೆರೆಯಿಲ್ಲದ ಹಾಳೆ, ಸ್ಕೇಲು, ಕೋನಮಾಪಕ. ಒಂದೇ ಕಂಪನಿಯ, ಒಂದೇ ಅಳತೆಯ, ಪೆನ್ಸಿಲ್ ಅಳಿಸುವ ನಾಲ್ಕು ಹೊಸ ರಬ್ಬರ್. ರೀಫಿಲ್ ತೆಗೆದ ಬಾಲ್‌ಪೆನ್ನಿನ ಖಾಲಿ ಕೊಳವೆ. ಒಂದೂವರೆ ಮೀಟರ್ ಗಟ್ಟಿ ನೈಲಾನ್ ದಾರ. ಹೂವು ಕಟ್ಟುವ ನೂಲು ತಡೆಯುವುದಿಲ್ಲ. ಒಂದು ಬೀಗದಕೈ. ಸ್ಟಾಪ್‌ವಾಚಿಗೆ ಮೊಬೈಲ್ ಸಾಕು. ತಕ್ಕಡಿ ಬೇಡ, ಯಾಕೆಂದು ಐದನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಮೊದಲು "ವೇಗ" ಎಂಬ ಪದವನ್ನು ಸರಿಮಾಡಿಕೊಳ್ಳಿ

ಮನೆಯಲ್ಲಿ ನಾವು "ಎಷ್ಟು ವೇಗವಾಗಿ ಓಡಿಸ್ತೀಯೋ" ಅನ್ನುತ್ತೇವೆ. ಅಲ್ಲಿ ದಿಕ್ಕಿನ ಮಾತೇ ಇಲ್ಲ. ಭೌತಶಾಸ್ತ್ರದಲ್ಲಿ ಅದರ ಹೆಸರು ಜವ. ಜವಕ್ಕೆ ದಿಕ್ಕು ಸೇರಿದರೆ ಮಾತ್ರ ವೇಗ. ವೇಗ ಬದಲಾಗುವ ದರವೇ ವೇಗೋತ್ಕರ್ಷ. ಇದರಲ್ಲಿ "ಉತ್ಕರ್ಷ" ಅಂದರೆ ಏರಿಕೆ, ಹಾಗಾಗಿ ಹೆಸರೇ ದಾರಿ ತಪ್ಪಿಸುತ್ತದೆ. ಜವ ಏರಿದರೂ, ಇಳಿದರೂ, ಇದ್ದಷ್ಟೇ ಇದ್ದು ದಿಕ್ಕು ಹೊರಳಿದರೂ ಅದು ವೇಗೋತ್ಕರ್ಷವೇ.

ಮುಂಬೈ ಮಕ್ಕಳಿಗೆ ಇನ್ನೊಂದು ತೊಡಕಿದೆ. ಪಕ್ಕದ ಬೆಂಚಿನ ಮರಾಠಿ ಹುಡುಗ ಜವಕ್ಕೆ "ಚಾಲ್" ಅನ್ನುತ್ತಾನೆ, ವೇಗೋತ್ಕರ್ಷಕ್ಕೆ "ತ್ವರಣ್", ಕೇಂದ್ರಾಭಿಮುಖ ಬಲಕ್ಕೆ "ಅಭಿಕೇಂದ್ರೀ ಬಲ". ಕಾಲೇಜಿನಲ್ಲಿ ಸ್ಪೀಡ್, ವೆಲಾಸಿಟಿ, ಆಕ್ಸಲರೇಶನ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಕಾಲಂ ಎಳೆದು ಮೂರೂ ಭಾಷೆಯ ಪದಗಳನ್ನು ಎದುರುಬದುರು ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ, ಎರಡು ವರ್ಷ ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಉತ್ತರದಲ್ಲಿ "ವೇಗ ಸ್ಥಿರವಾಗಿದೆ, ವಸ್ತು ವೃತ್ತದಲ್ಲಿ ಚಲಿಸುತ್ತಿದೆ" ಎಂಬ ವಾಕ್ಯ ಇದ್ದರೆ ಅಲ್ಲೇ ನಿಲ್ಲಿ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಸ್ಥಿರವಾಗಿರುವುದು ಜವ.

ಹಂತ 2: ತಿರುವಿಗೆ ಹೋಗುವ ಮೊದಲು ನೇರ ಹಳಿ

ದಾದರ್ ಬಿಟ್ಟ ಲೋಕಲ್ 30 ಸೆಕೆಂಡಿನಲ್ಲಿ ಗಂಟೆಗೆ 54 ಕಿ.ಮೀ. ಮುಟ್ಟಿತು ಅನ್ನೋಣ. ಮೊದಲ ಕೆಲಸ 3.6ರಿಂದ ಭಾಗಿಸುವುದು: ಸೆಕೆಂಡಿಗೆ 15 ಮೀಟರ್. ಇದನ್ನು 30ರಿಂದ ಭಾಗಿಸಿದರೆ 0.5 ಮೀ/ಸೆ². ಇದರ ಅರ್ಥ ಬಾಯಲ್ಲಿ ಹೇಳಲು ಬರಬೇಕು: "ಪ್ರತಿ ಸೆಕೆಂಡೂ ಜವ, ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರುತ್ತಿದೆ." ಹೀಗೆ ಹೇಳಲು ಬಾರದಿದ್ದರೆ "ಸೆಕೆಂಡ್ ವರ್ಗ" ಎಂಬುದು ನಿಮಗೆ ಇನ್ನೂ ಬರೀ ಚಿಹ್ನೆ ಅಂತಲೇ ಅರ್ಥ.

ಇದನ್ನು ಕಣ್ಣಲ್ಲೇ ನೋಡಬಹುದು. ಗಾಡಿ ಖಾಲಿ ಇರುವ ಭಾನುವಾರ ಮಧ್ಯಾಹ್ನ, ಸೀಟಿನಲ್ಲಿ ಕೂತು, 30 ಸೆಂ.ಮೀ. ದಾರದ ತುದಿಗೆ ಬೀಗದಕೈ ಕಟ್ಟಿ ತೂಗಿಬಿಡಿ. ಗಾಡಿ ಹೊರಟಾಗ ಬೀಗದಕೈ ಸುಮಾರು ಒಂದೂವರೆ ಸೆಂ.ಮೀ. ಹಿಂದಕ್ಕೆ ಸರಿದು ನಿಲ್ಲುತ್ತದೆ. 0.5ನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಭಾಗಿಸಿ 30ರಿಂದ ಗುಣಿಸಿ, ಅಷ್ಟೇ ಬರುತ್ತದೆ. ಗಾಡಿ ಒಂದೇ ಜವದಲ್ಲಿ ನೇರ ಓಡುವಾಗ, ಅದು ಎಷ್ಟೇ ಜೋರಾಗಿರಲಿ, ಬೀಗದಕೈ ನೆಟ್ಟಗೆ ನಿಲ್ಲುತ್ತದೆ. ಕುಲುಕಾಟ ಇದ್ದೇ ಇರುತ್ತದೆ, ಸರಾಸರಿ ನೋಡಿಕೊಳ್ಳಿ. ಬ್ರೇಕ್ ಬಿದ್ದಾಗ ಮುಂದಕ್ಕೆ ಬಾಗುತ್ತದೆ.

ಬ್ರೇಕಿನ ವಿಷಯದಲ್ಲಿ ಒಂದು ಮಾತು. ಋಣ ಚಿಹ್ನೆ ಬಂದ ಕೂಡಲೇ "ನಿಧಾನ ಆಗುತ್ತಿದೆ" ಎಂದು ಬರೆಯಬೇಡಿ. ಕಲ್ಯಾಣದ ದಿಕ್ಕನ್ನು ಧನ ಎಂದು ಇಟ್ಟುಕೊಂಡಿದ್ದರೆ, ಅದರ ಎದುರು ದಿಕ್ಕಿನ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೊರಟು ಜವ ಏರಿಸಿಕೊಳ್ಳುವ ಗಾಡಿಗೂ ವೇಗೋತ್ಕರ್ಷ ಋಣವೇ. ಚಿಹ್ನೆ ಹೇಳುವುದು ಬಾಣದ ದಿಕ್ಕನ್ನು ಮಾತ್ರ. ವೇಗದ ಬಾಣ ಮತ್ತು ವೇಗೋತ್ಕರ್ಷದ ಬಾಣ ಒಂದೇ ಕಡೆಗಿದ್ದರೆ ಜವ ಏರುತ್ತದೆ, ಎದುರುಬದುರಾಗಿದ್ದರೆ ಇಳಿಯುತ್ತದೆ. ಅಡ್ಡ ಬಿದ್ದರೆ? ಮುಂದಿನ ಹಂತ ಪೂರ್ತಿ ಆ ಪ್ರಶ್ನೆಯದ್ದೇ.

ಹಂತ 3: ಬಾಣದಿಂದ ಬಾಣ ಕಳೆಯಿರಿ

ಮಾಟುಂಗಾದ ಕಿಂಗ್ಸ್ ಸರ್ಕಲ್ ಎಲ್ಲರಿಗೂ ಗೊತ್ತು. ನಡುವೆ ಮಹೇಶ್ವರಿ ಉದ್ಯಾನ, ಸುತ್ತ ರಸ್ತೆ. ನಮ್ಮ ಟ್ಯಾಕ್ಸಿಯನ್ನು ಅಂಥ ಒಂದು ಸರ್ಕಲ್‌ನಲ್ಲಿ ಬಿಡೋಣ. (50 ಮೀಟರ್ ಲೆಕ್ಕಕ್ಕೆ ಹಿಡಿದದ್ದು, ಟೇಪ್ ಹಿಡಿದು ಅಳೆದದ್ದಲ್ಲ.) ನಮ್ಮಲ್ಲಿ ಸರ್ಕಲ್ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಉದ್ಯಾನದ ಪಶ್ಚಿಮ ಅಂಚಿನಲ್ಲಿ ಟ್ಯಾಕ್ಸಿ ಉತ್ತರಕ್ಕೆ ಮುಖ ಮಾಡಿರುತ್ತದೆ. ಕಾಲು ಸುತ್ತು ಮುಗಿಸಿ ಉತ್ತರದ ಅಂಚಿಗೆ ಬಂದಾಗ ಪೂರ್ವಕ್ಕೆ. ಎರಡೂ ಕಡೆ ಜವ ಸೆಕೆಂಡಿಗೆ 10 ಮೀಟರ್.

ಈಗ ಹಾಳೆ ತೆಗೆದುಕೊಳ್ಳಿ. ಸೆಕೆಂಡಿಗೆ 10 ಮೀಟರಿಗೆ 5 ಸೆಂ.ಮೀ. ಬಾಣ. ಒಂದು ಚುಕ್ಕೆ ಇಟ್ಟು ಅಲ್ಲಿಂದ ಉತ್ತರಕ್ಕೆ ಒಂದು ಬಾಣ, ಅದೇ ಚುಕ್ಕೆಯಿಂದ ಪೂರ್ವಕ್ಕೆ ಇನ್ನೊಂದು. ಹಳೆಯ ಬಾಣದ ಮೊನೆಯಿಂದ ಹೊಸ ಬಾಣದ ಮೊನೆಗೆ ಗೆರೆ ಎಳೆಯಿರಿ. ಅದೇ ವೇಗದಲ್ಲಾದ ಬದಲಾವಣೆ. ಸ್ಕೇಲಿನಲ್ಲಿ ಅಳೆದರೆ 7.1 ಸೆಂ.ಮೀ., ಅಂದರೆ ಸೆಕೆಂಡಿಗೆ 14.1 ಮೀಟರ್. ಮುಖ ಆಗ್ನೇಯಕ್ಕೆ.

ಇಲ್ಲಿ ಹುಡುಗರು ಎಡವುವುದು ಎರಡು ಥರ. ಕೆಲವರು ಎರಡನೆಯ ಬಾಣದ ಬಾಲವನ್ನು ಮೊದಲನೆಯದರ ಮೊನೆಗೆ ಅಂಟಿಸುತ್ತಾರೆ. ಅದು ಕೂಡುವ ಕ್ರಮ, ಕಳೆಯುವುದಲ್ಲ. ಇನ್ನು ಕೆಲವರು ಹೊಸದರ ಮೊನೆಯಿಂದ ಹಳೆಯದರ ಮೊನೆಗೆ ಗೆರೆ ಎಳೆದು ವಾಯವ್ಯಕ್ಕೆ ಬಾಣ ಹಾಕುತ್ತಾರೆ. ಹೊರಗೆ ಬೆರಳು ತೋರಿಸುವ ಮಕ್ಕಳಲ್ಲಿ ಅರ್ಧ ಜನರ ತಪ್ಪು ಹುಟ್ಟುವುದು ಇಲ್ಲಿ. "ಹೊಸದು ಕಳೆ ಹಳೆಯದು, ಬಾಣ ಹೊಸದರ ಕಡೆಗೆ" ಎಂದು ಬರೆದು ಗೋಡೆಗೆ ಅಂಟಿಸಿಕೊಳ್ಳಿ ಬೇಕಾದರೆ.

ಆ ಕಾಲು ಸುತ್ತಿನ ನಟ್ಟನಡುವೆ ಟ್ಯಾಕ್ಸಿ ಎಲ್ಲಿತ್ತು? ಉದ್ಯಾನದ ವಾಯವ್ಯ ಮೂಲೆಯಲ್ಲಿ. ಅಲ್ಲಿಂದ ಆಗ್ನೇಯಕ್ಕೆ ನೋಡಿದರೆ ಏನು ಕಾಣುತ್ತದೆ? ಉದ್ಯಾನದ ನಡುಮಧ್ಯ. ಬದಲಾವಣೆಯ ಬಾಣ ಕೇಂದ್ರಕ್ಕೆ ತಿರುಗಿದೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಮ್ಮ ಸ್ಕೇಲೇ ಹೇಳಿತು.

ಇನ್ನು ಸಮಯ. ಕಾಲು ಸುತ್ತಿನ ದೂರ 78.5 ಮೀಟರ್, ಹಿಡಿದ ಕಾಲ 7.85 ಸೆಕೆಂಡ್. 14.1ನ್ನು 7.85ರಿಂದ ಭಾಗಿಸಿದರೆ 1.80 ಮೀ/ಸೆ². ಇದು ಸರಾಸರಿ, ಅದೂ ಒರಟು ಸರಾಸರಿ. ಕೋನ ಸಣ್ಣದು ಮಾಡುತ್ತ ಹೋಗಿ. 60 ಡಿಗ್ರಿಗೆ ಬಾಣಗಳು ಸಮಬಾಹು ತ್ರಿಭುಜವಾಗುತ್ತವೆ, ಬದಲಾವಣೆ 10, ಕಾಲ 5.24 ಸೆಕೆಂಡ್, ಉತ್ತರ 1.91. 30 ಡಿಗ್ರಿಗೆ ಬದಲಾವಣೆ 5.18, ಕಾಲ 2.62, ಉತ್ತರ 1.98. ಸಂಖ್ಯೆ 2ರ ಹತ್ತಿರ ಹತ್ತಿರ ಸರಿಯುತ್ತಿದೆ, ದಾಟುತ್ತಿಲ್ಲ. ಈ ಮೂರು ಲೆಕ್ಕವನ್ನು ಕೈಯಲ್ಲಿ ಮಾಡಿದವರು ಸೂತ್ರ ಮರೆತರೂ ಉತ್ತರ ಮರೆಯುವುದಿಲ್ಲ. ಕ್ಯಾಲ್ಕುಲೇಟರ್ ಬಳಸಿ, ತಪ್ಪಿಲ್ಲ. ಬಾಣ ಮಾತ್ರ ಕೈಯಲ್ಲೇ ಬಿಡಿಸಿ.

ಹಂತ 4: ಈಗ ಸೂತ್ರ

ಟ್ಯಾಕ್ಸಿಯ ವೇಗದ ಬಾಣಗಳನ್ನೆಲ್ಲ ಒಂದೇ ಚುಕ್ಕೆಗೆ ಬಾಲ ಸೇರಿಸಿ ಬಿಡಿಸಿದಿರಿ. ಒಂದು ಪೂರ್ತಿ ಸುತ್ತಿಗೆ ಬಿಡಿಸಿದರೆ ಆ ಬಾಣ ಗಡಿಯಾರದ ಮುಳ್ಳಿನಂತೆ ಸುತ್ತು ಹಾಕುತ್ತದೆ. ಮೊನೆ ಬರೆಯುವುದೂ ಒಂದು ವೃತ್ತವೇ, ಅದರ ತ್ರಿಜ್ಯ ವಿ, ಅಂದರೆ ಜವ.

ಟ್ಯಾಕ್ಸಿ ಒಂದು ಸುತ್ತಿನಲ್ಲಿ 2 ಪೈ ಆರ್ ದೂರ ಹೋಗುತ್ತದೆ (ಆರ್ ಅಂದರೆ ಸರ್ಕಲಿನ ತ್ರಿಜ್ಯ). ಸುತ್ತಿನ ಕಾಲದಿಂದ ಭಾಗಿಸಿದರೆ ಜವ. ಬಾಣದ ಮೊನೆ ಅದೇ ಕಾಲದಲ್ಲಿ 2 ಪೈ ವಿ ಸರಿಯುತ್ತದೆ. ಸುತ್ತಿನ ಕಾಲದಿಂದ ಭಾಗಿಸಿದರೆ ವೇಗೋತ್ಕರ್ಷ. ಸುತ್ತಿನ ಕಾಲ 2 ಪೈ ಆರ್ ಬೈ ವಿ. ಅದನ್ನು ಒಳಗೆ ಹಾಕಿದರೆ 2 ಪೈ ಹೊಡೆದುಹೋಗಿ ಉಳಿಯುವುದು ವಿ ಸ್ಕ್ವೇರ್ ಬೈ ಆರ್. ಟ್ಯಾಕ್ಸಿಗೆ 100 ÷ 50, ಉತ್ತರ 2. ಸಮರೂಪ ತ್ರಿಭುಜದ ಉದ್ದನೆಯ ಸಾಧನೆ ಪರೀಕ್ಷೆಗೆ ಬೇಕಾದರೆ ಬರೆಯಿರಿ. ಅರ್ಥವಾಗಲು ನನಗೆ ಇದೇ ಮೇಲು.

ಎಚ್ಚರಿಕೆಯ ಗುರುತು: ಸಮತಟ್ಟು ರಸ್ತೆಯ ಮೇಲೆ ಮಾಮೂಲಿ ವಾಹನ ತಿರುಗುವ ಲೆಕ್ಕದಲ್ಲಿ ಉತ್ತರ 10 ಮೀ/ಸೆ² ದಾಟಿದರೆ 3.6ರಿಂದ ಭಾಗಿಸಲು ಮರೆತಿದ್ದೀರಿ ಎಂದೇ ಮೊದಲು ಅನುಮಾನಪಡಿ. 25.9 ಬಂದದ್ದು ಹಾಗೆಯೇ.

ಹಂತ 5: ರಬ್ಬರ್ ತಿರುಗಿಸಿ ಸೂತ್ರವನ್ನು ಪರೀಕ್ಷಿಸಿ

ದಾರವನ್ನು ಪೆನ್ನಿನ ಕೊಳವೆಯೊಳಗೆ ತೂರಿಸಿ. ಮೇಲಿನ ತುದಿಗೆ ಒಂದು ರಬ್ಬರ್, ಕೆಳಗಿನ ತುದಿಗೆ ಮೂರು ರಬ್ಬರ್ ಒಟ್ಟಿಗೆ. ರಬ್ಬರಿಗೆ ದಾರ ಸುತ್ತಿ ಕಟ್ಟಿದರೆ ಜಾರುತ್ತದೆ. ದಬ್ಬಳದಿಂದ ತೂತು ಮಾಡಿ ಪೋಣಿಸಿ ಗಂಟು ಹಾಕಿ. ಕೊಳವೆಯ ಬಾಯಿ ಚೂಪಾಗಿದ್ದರೆ ದಾರ ಸವೆದು ತುಂಡಾಗುತ್ತದೆ, ಉಗುರು ತಿಕ್ಕುವ ಅರದಿಂದ ಉಜ್ಜಿ ನಯ ಮಾಡಿ. ಕೊಳವೆಯ ಬಾಯಿಂದ ಮೇಲಿನ ರಬ್ಬರಿನ ನಡುವಿಗೆ 50 ಸೆಂ.ಮೀ. ಇರಲಿ. ಕೊಳವೆಯ ಕೆಳಬಾಯಿಂದ ಒಂದು ಬೆರಳು ಕೆಳಗೆ ದಾರದ ಮೇಲೆ ಸ್ಕೆಚ್‌ಪೆನ್ನಿನ ಗುರುತು ಹಾಕಿ.

ಕೊಳವೆ ಹಿಡಿದು ತಲೆಯ ಮೇಲೆ ರಬ್ಬರ್ ತಿರುಗಿಸಿ. ನಿಧಾನವಾದರೆ ಕೆಳಗಿನ ಮೂರು ರಬ್ಬರ್ ಇಳಿಯುತ್ತವೆ, ಜೋರಾದರೆ ಏರುತ್ತವೆ. ಗುರುತು ಇದ್ದಲ್ಲೇ ನಿಲ್ಲುವ ಹಾಗೆ ತಿರುಗಿಸುವುದೇ ಇದರ ಹದ, ಕೈಗೆ ಹತ್ತಲು ಐದಾರು ಸಲ ಬೇಕು. ಹದ ಸಿಕ್ಕಿದ ಮೇಲೆ ಜೊತೆಗಾರರು 10 ಸುತ್ತಿನ ಕಾಲ ಎಣಿಸಲಿ.

ತೂಕ ಯಾಕೆ ಬೇಡ? ಮೂರು ರಬ್ಬರಿನ ಭಾರ ಒಂದು ರಬ್ಬರನ್ನು ಎಳೆಯುತ್ತಿದೆ. ಹಾಗಾಗಿ ಅದರ ವೇಗೋತ್ಕರ್ಷ 9.8ರ ಮೂರು ಪಟ್ಟು, 29.4. ರಬ್ಬರ್ 8 ಗ್ರಾಂ ಇರಲಿ, 12 ಇರಲಿ, ನಾಲ್ಕೂ ಒಂದೇ ಥರ ಇದ್ದರಾಯಿತು. ವಿ ಸ್ಕ್ವೇರ್ ಬೈ ಆರ್ 29.4 ಆಗಬೇಕಾದರೆ ಜವ ಸೆಕೆಂಡಿಗೆ 3.83 ಮೀಟರ್, ಒಂದು ಸುತ್ತಿಗೆ 0.82 ಸೆಕೆಂಡ್, ಹತ್ತಕ್ಕೆ 8.2. ನಮ್ಮ ಹಾಲ್‌ನಲ್ಲಿ 7.8ರಿಂದ 8.7ರವರೆಗೆ ಬಂದಿದೆ. ವ್ಯತ್ಯಾಸಕ್ಕೆ ಕೊಳವೆಯ ಬಾಯಿಯ ಘರ್ಷಣೆ ಒಂದು ಕಾರಣ, ಕೈಯ ಅಲುಗಾಟ ಇನ್ನೊಂದು.

7.4ರ ಆಸುಪಾಸು ಬಂತೋ, ಎಣಿಸಿದವರು ಸ್ಟಾಪ್‌ವಾಚ್ ಒತ್ತುವಾಗಲೇ "ಒಂದು" ಅಂದಿದ್ದಾರೆ, ಆದದ್ದು ಒಂಬತ್ತೇ ಸುತ್ತು. "ಸೊನ್ನೆ" ಎಂದು ಶುರು ಮಾಡಿ.

ದಾರ ಅಡ್ಡಡ್ಡ ನೆಟ್ಟಗೆ ನಿಲ್ಲದೆ ಸುಮಾರು 20 ಡಿಗ್ರಿ ಕೆಳಗೆ ಜೋತಿರುತ್ತದೆ. ಅದು ನಿಮ್ಮ ತಪ್ಪಲ್ಲ. ರಬ್ಬರಿನ ಭಾರವನ್ನೂ ದಾರವೇ ಹೊರಬೇಕಲ್ಲ. ಆದರೆ ತ್ರಿಜ್ಯ ಎಂದು ಅಡ್ಡ ದೂರ ಅಳೆಯಲು ಹೋಗಬೇಡಿ. ಜೋತ ದಾರದ ಉದ್ದವನ್ನೇ ಹಾಕಿ. ದಾರದ ಎಳೆತದಲ್ಲಿ ಕೇಂದ್ರದ ಕಡೆಗಿನ ಪಾಲು ಎಷ್ಟು ಕಡಿಮೆಯೋ, ನಿಜವಾದ ತ್ರಿಜ್ಯವೂ ಅಷ್ಟೇ ಪಾಲು ಕಡಿಮೆ. ಎರಡೂ ಹೊಡೆದುಹೋಗಿ ಸುತ್ತಿನ ಕಾಲ ಸರಿಯಾಗಿಯೇ ಬರುತ್ತದೆ.

ಟ್ಯೂಬ್‌ಲೈಟ್, ಟಿವಿ, ಅಜ್ಜಿಯ ಕನ್ನಡಕ ಇವುಗಳಿಂದ ದೂರ ನಿಂತು ಮಾಡಿ. ರಬ್ಬರಿನ ಬದಲು ಕಲ್ಲು, ಬೀಗ ಕಟ್ಟಲೇಬೇಡಿ. ಒಮ್ಮೆ ನಮ್ಮಲ್ಲೂ ಗಂಟು ಬಿಚ್ಚಿಕೊಂಡಿತು. ರಬ್ಬರ್ ನೇರ ಹೋಗಿ ದೇವರ ಕಪಾಟಿನ ಗಾಜಿಗೆ ಬಡಿಯಿತು. ಗಾಜು ಉಳಿಯಿತು. ಅದು ಹೋದ ದಾರಿ ಎಲ್ಲರೂ ನೋಡಿದರು: ಕೇಂದ್ರದಿಂದ ದೂರ ಸಿಡಿಯಲಿಲ್ಲ, ಬಿಟ್ಟ ಕ್ಷಣದಲ್ಲಿ ಮುಖ ಯಾವ ಕಡೆಗಿತ್ತೋ ಆ ಕಡೆಗೆ, ಸ್ಪರ್ಶಕದ ಗುಂಟ ಹೋಯಿತು.

ಹಂತ 6: ಎಳೆಯುತ್ತಿರುವವರು ಯಾರು?

ಕೇಂದ್ರಾಭಿಮುಖ ಬಲ ಎಂಬ ಪ್ರತ್ಯೇಕ ಬಲ ಇಲ್ಲ. ಅದು ಒಂದು ಹುದ್ದೆ. ಅಲ್ಲಿ ಯಾರೋ ಕೂತು ಕೆಲಸ ಮಾಡುತ್ತಿರುತ್ತಾರೆ. ರಬ್ಬರಿಗೆ ದಾರದ ಎಳೆತ, ಟ್ಯಾಕ್ಸಿಗೆ ಟೈರು ಮತ್ತು ಡಾಂಬರಿನ ನಡುವಿನ ಘರ್ಷಣೆ, ಚಂದ್ರನಿಗೆ ಭೂಮಿಯ ಗುರುತ್ವ. ಚಿತ್ರದಲ್ಲಿ ಘರ್ಷಣೆಯ ಬಾಣ ಹಾಕಿದ ಮೇಲೆ ಪಕ್ಕದಲ್ಲಿ "ಕೇಂದ್ರಾಭಿಮುಖ ಬಲ" ಎಂದು ಇನ್ನೊಂದು ಬಾಣ ಹಾಕಿದರೆ ಒಬ್ಬರಿಗೇ ಎರಡು ಸಂಬಳ ಕೊಟ್ಟ ಹಾಗೆ.

"ಆದ್ರೆ ಸರ್, ಲೋಕಲ್ ತಿರುಗುವಾಗ ನಮ್ಮನ್ನ ಹೊರಗೆ ತಳ್ಳುತ್ತದಲ್ಲ?" ಹೋದ ವರ್ಷ ಒಬ್ಬಳು ಪಟ್ಟು ಹಿಡಿದಳು. ಅವಳು ದಿನಾ ಹಾರ್ಬರ್ ಲೈನಿನಲ್ಲಿ ಓಡಾಡುವವಳು. ವಡಾಲಾ ದಾಟಿ ಗಾಡಿ ಕಿಂಗ್ಸ್ ಸರ್ಕಲ್ ಕಡೆ ಹೊರಳುವಾಗಿನ ಅನುಭವ ಸುಳ್ಳಲ್ಲ.

"ತಳ್ಳುವವರು ಯಾರಮ್ಮ?"

ಸ್ವಲ್ಪ ಹೊತ್ತು ಯೋಚಿಸಿದಳು. "ಯಾರೂ ಇಲ್ಲ ಸರ್. ಕಂಬಿ ನನ್ನ ಕೈಯನ್ನ ಒಳಗೆ ಎಳೀತಾ ಇರುತ್ತೆ."

ಅಷ್ಟೇ ವಿಷಯ. ಮೈ ನೇರ ಹೋಗಲು ನೋಡುತ್ತದೆ, ಗಾಡಿ ಹೊರಳುತ್ತದೆ. ಗಾಡಿಯೊಳಗಿನಿಂದ ನೋಡಿದರೆ ಹೊರಗೆ ಜಾರಿದಂತೆ ಕಾಣುತ್ತದೆ. ಕೇಂದ್ರಾಪಗಾಮಿ ಬಲ ಎನ್ನುವುದು ಗಾಡಿಯ ಜೊತೆ ತಿರುಗುವವರ ಲೆಕ್ಕಪುಸ್ತಕದಲ್ಲಿ ಮಾತ್ರ ಬರುವ ಬಾಬತ್ತು. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಪುಸ್ತಕದಲ್ಲಿ ಅದಿಲ್ಲ. ಒಂದು ಲೆಕ್ಕದಲ್ಲಿ ಎರಡೂ ಪುಸ್ತಕ ಬೆರೆಸಬೇಡಿ. ಹನ್ನೊಂದನೆಯ ಮಟ್ಟಕ್ಕೆ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲುವುದು ಕ್ಷೇಮ. (ತಿರುವಿನಲ್ಲಿ ಬಾಗಿಲಲ್ಲಿ ನಿಲ್ಲದಿರುವುದು ಇನ್ನೂ ಕ್ಷೇಮ.)

ಘರ್ಷಣೆಯ ಕೆಲಸಕ್ಕೆ ಮಿತಿ ಇದೆ. 36 ಕಿ.ಮೀ. ಜವದಲ್ಲಿ ಟ್ಯಾಕ್ಸಿಗೆ ಬೇಕಿದ್ದ ಘರ್ಷಣಾಂಕ (ಘರ್ಷಣೆಯ ಬಲ ಗಾಡಿಯ ಭಾರದ ಎಷ್ಟು ಪಾಲು ಎಂಬ ಸಂಖ್ಯೆ) 2 ÷ 9.8, ಸುಮಾರು 0.2. ಜವ ಎರಡು ಪಟ್ಟಾಗಿ 72 ಆದರೆ ವೇಗೋತ್ಕರ್ಷ ನಾಲ್ಕು ಪಟ್ಟು, 8, ಬೇಕಾಗುವುದು 0.8. ಮಳೆಯಲ್ಲಿ ನೆನೆದ ಡಾಂಬರಿನಿಂದ ಅಷ್ಟು ನಿರೀಕ್ಷಿಸಬೇಡಿ. ಪುಣೆಗೆ ಹೋಗುವಾಗ ಖಂಡಾಲಾ ಘಾಟಿನ ತಿರುವಿನಲ್ಲಿ ಜವ ತಗ್ಗಿಸಿ ಎಂಬ ಫಲಕ ಇರುವುದು ಈ ವರ್ಗದ ಚಿಹ್ನೆಗೆ. ತಿರುವಿನಲ್ಲಿ ರಸ್ತೆಯ ಹೊರಅಂಚನ್ನೂ ಹೊರಗಿನ ಹಳಿಯನ್ನೂ ಎತ್ತರಿಸುವುದು, ರಸ್ತೆ ಮತ್ತು ಹಳಿ ಕೊಡುವ ಒತ್ತು ಒಳಮುಖವಾಗಿ ವಾಲಿ ಕೇಂದ್ರದ ಕಡೆಗೆ ಒಂದು ಪಾಲು ಸಿಗಲಿ ಎಂದು.

ಹಂತ 7: ತ್ರಿಜ್ಯ ಹೆಚ್ಚಿದರೆ ವೇಗೋತ್ಕರ್ಷ ಏರುತ್ತದೋ, ಇಳಿಯುತ್ತದೋ?

ಪುಸ್ತಕದ ಒಂದು ಪುಟದಲ್ಲಿ ವಿ ಸ್ಕ್ವೇರ್ ಬೈ ಆರ್: ಆರ್ ಕೆಳಗಿದೆ. ಮುಂದಿನ ಪುಟದಲ್ಲಿ ಒಮೆಗಾ ಸ್ಕ್ವೇರ್ ಆರ್: ಆರ್ ಮೇಲಿದೆ. (ಒಮೆಗಾ ಅಂದರೆ ಕೋನ ಎಷ್ಟು ಬೇಗ ತಿರುಗುತ್ತದೆ ಎಂಬ ದರ, ವಿ ಬೈ ಆರ್.) ಯಾವುದು ಸುಳ್ಳು?

ತಲೆ ಎತ್ತಿ ಫ್ಯಾನ್ ನೋಡಿ. ರೆಕ್ಕೆಯ ತುದಿ ನಡುವಿನಿಂದ 60 ಸೆಂ.ಮೀ. ದೂರದಲ್ಲಿದೆ, ನಿಮಿಷಕ್ಕೆ 350 ಸುತ್ತು ಎಂದಿಟ್ಟುಕೊಳ್ಳಿ. ತುದಿಯ ಜವ ಸೆಕೆಂಡಿಗೆ 22 ಮೀಟರ್, ವೇಗೋತ್ಕರ್ಷ ಸುಮಾರು 806 ಮೀ/ಸೆ², ಗುರುತ್ವದ 80 ಪಟ್ಟಿಗೂ ಹೆಚ್ಚು. ಅದೇ ರೆಕ್ಕೆಯ ನಡುವೆ, 30 ಸೆಂ.ಮೀ. ದೂರದಲ್ಲಿ, ಜವ 11, ವೇಗೋತ್ಕರ್ಷ 403. ಒಂದೇ ರೆಕ್ಕೆ, ಒಂದೇ ಒಮೆಗಾ. ಇಲ್ಲಿ ಆರ್ ಜೊತೆಗೆ ವಿ ಕೂಡ ಬದಲಾಯಿತು, ಹಾಗಾಗಿ ಹೊರಗೆ ಹೋದಂತೆ ವೇಗೋತ್ಕರ್ಷ ಹೆಚ್ಚು. ಟ್ಯಾಕ್ಸಿಯ ಕಥೆ ಬೇರೆ: ಮೀಟರಿನ ಮುಳ್ಳು 36ರಲ್ಲೇ ಇಟ್ಟು ದೊಡ್ಡ ಸರ್ಕಲಿಗೆ ಹೋದರೆ ವೇಗೋತ್ಕರ್ಷ ಕಡಿಮೆ. ಎರಡೂ ಸೂತ್ರ ಒಂದೇ. ಪ್ರಶ್ನೆ ಓದುವಾಗ "ಯಾವುದು ಬದಲಾಗದೆ ಉಳಿಯಿತು?" ಎಂದು ಕೇಳಿ, ಅದರ ಕೆಳಗೆ ಗೆರೆ ಹಾಕಿ, ಆಮೇಲೆ ಸೂತ್ರ ಆರಿಸಿ.

ಹಂತ 8: ನೆಟ್ಟಗಿನ ವೃತ್ತ

ಅರ್ಧ ನೀರು ತುಂಬಿದ ಹಿಡಿಕೆಯ ಡಬ್ಬಿಯನ್ನು ಕೈ ಚಾಚಿ ಮೇಲಿನಿಂದ ಕೆಳಗೆ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲ. ನೀರು ಬೀಳುವುದೇ ಇಲ್ಲ ಎಂದು ಬರೆಯಬೇಡಿ. ತುತ್ತತುದಿಯಲ್ಲೂ ಅದು ಬೀಳುತ್ತಲೇ ಇರುತ್ತದೆ, ಡಬ್ಬಿ ಅದಕ್ಕಿಂತ ಬೇಗ ಕೆಳಗೆ ಬಾಗುತ್ತದೆ. ತುದಿಯಲ್ಲಿ ವಿ ಸ್ಕ್ವೇರ್ ಬೈ ಆರ್ 9.8ಕ್ಕಿಂತ ಕಡಿಮೆಯಾದರೆ ತಲೆಗೆ ಸ್ನಾನ. ಭುಜದಿಂದ ನೀರಿಗೆ 1 ಮೀಟರ್ ಇದ್ದು ಒಂದೇ ಸಮ ತಿರುಗಿಸಿದರೆ ಒಂದು ಸುತ್ತು 2 ಸೆಕೆಂಡಿನೊಳಗೆ ಮುಗಿಯಬೇಕು. ಒಂದು ಸೆಕೆಂಡಿಗೆ ಒಂದು ಸುತ್ತು ಇಟ್ಟುಕೊಂಡರೆ ಧೈರ್ಯ. ತಪ್ಪುವುದು ಸಾಮಾನ್ಯವಾಗಿ ನಿಲ್ಲಿಸುವಾಗ: ಮೇಲೆ ಇರುವಾಗ ಹೆದರಿ ಕೈ ತಡೆಯಬಾರದು, ಕೆಳಗೆ ಬಂದ ಮೇಲೆ ನಿಧಾನಿಸಬೇಕು. ಕಟ್ಟಡದ ಗಚ್ಚಿಯ ಮೇಲೆ ಮಾಡಿ, ಹಾಲ್‌ನಲ್ಲಿ ಬೇಡ.

ಕೊನೆಗೆ ನಿಮಗೇ ಒಂದು ಲೆಕ್ಕ

ಮುಂಬೈ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭೂಮಿಯ ತ್ರಿಜ್ಯ 6378 ಕಿ.ಮೀ., ಒಂದು ಸುತ್ತಿಗೆ ಸುಮಾರು 24 ಗಂಟೆ. ಚಾಪೆಯ ಮೇಲೆ ಸುಮ್ಮನೆ ಕೂತ ನಿಮಗೆ ಭೂಮಿಯ ತಿರುಗುವಿಕೆಯಿಂದ ವೇಗೋತ್ಕರ್ಷ ಎಷ್ಟು, ಯಾವ ದಿಕ್ಕಿಗೆ?

0.032 ಮೀ/ಸೆ² ಬರಬೇಕು. 0.034 ಬಂದರೆ ಮುಂಬೈಯನ್ನು ಭೂಮಧ್ಯರೇಖೆಯ ಮೇಲೆ ಕೂರಿಸಿದ್ದೀರಿ. ನಿಮ್ಮ ವೃತ್ತದ ತ್ರಿಜ್ಯ 6378 ಅಲ್ಲ, ಅದನ್ನು 19 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದ 6030 ಕಿ.ಮೀ. ಬಾಣವನ್ನು ಭೂಮಿಯ ಕೇಂದ್ರಕ್ಕೆ ಬಿಡಿಸಿದ್ದರೆ ಅದೂ ತಪ್ಪು. ನೀವು ಸುತ್ತುತ್ತಿರುವ ವೃತ್ತದ ಕೇಂದ್ರ ಇರುವುದು ಭೂಮಿಯ ಅಕ್ಷದ ಮೇಲೆ, ಭೂಮಿಯ ನಡುವಿಗಿಂತ ಉತ್ತರಕ್ಕೆ. ಹಾಳೆ ತಿರುಗಿಸಿ ಚಿತ್ರ ಮತ್ತೆ ಬಿಡಿಸಿ.